ಒಂದೇ ಬಾಯಿಯ ದಿಬ್ಬ

ಒಂದು ಕಾಡಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ಇಳಿಜಾರೊಂದಿತ್ತು. ಅಲ್ಲಿಯ ಮಣ್ಣು ಗಟ್ಟಿ. ಕೆಳಗೆ ಸಿಹಿನೀರಿನ ಒರತೆ. ಎಲ್ಲರೂ ಅದನ್ನು ಬಿಸಿಲುದಿಣ್ಣೆ ಎನ್ನುತ್ತಿದ್ದರು. ಅದರ ಎದುರಿಗೆ, ಬಿಸಿಲು ತಾಗದ ಕಡೆ, ಒಂದು ದೊಡ್ಡ ಮಣ್ಣಿನ ದಿಬ್ಬ. ದಿಬ್ಬದ ನೆತ್ತಿಯ ಮೇಲೆ ಸತ್ತ ಆಲದ ಮರವೊಂದು ನಿಂತಿತ್ತು. ಅದರಲ್ಲಿ ಎಲೆ ಇರಲಿಲ್ಲ, ಗೂಡು ಇರಲಿಲ್ಲ, ಯಾವ ಹಕ್ಕಿಯೂ ಅದರ ಮೇಲೆ ಕೂರುತ್ತಿರಲಿಲ್ಲ. ಗಾಳಿ ಬೀಸದ ದಿನವೂ ದಿಬ್ಬದ ಒಳಗಿನಿಂದ 'ಊಂ' ಎಂದು ಸಣ್ಣಗೆ ಸದ್ದು ಬರುತ್ತಿತ್ತು. ಆ ದಾರಿಯಲ್ಲಿ ಹೋಗುವವರು ದಿಬ್ಬ ಹತ್ತಿರವಾದ ಕೂಡಲೇ ಮಾತು ನಿಲ್ಲಿಸಿ ಬಿರಬಿರನೆ ನಡೆದುಬಿಡುತ್ತಿದ್ದರು.

ಆ ದಿಬ್ಬ ಚೆಲುವಯ್ಯ ಎಂಬ ನರಿಯದು. ಅವನ ಮಾತು ಬೆಣ್ಣೆಯ ಹಾಗೆ. ಕಣ್ಣು ಮಾತ್ರ ಯಾವಾಗಲೂ ಎದುರಿಗಿರುವವರ ಬಾಯಲ್ಲಿ ಏನಿದೆ ಎಂದು ನೋಡುತ್ತಿತ್ತು.

ಒಂದು ಬೇಸಿಗೆಯಲ್ಲಿ ಹೊಳೆಯಾಚೆಯ ಕಾಡಿಗೆ ಬೆಂಕಿ ಬಿತ್ತು. ಅಲ್ಲಿದ್ದವರೆಲ್ಲ ಹೊಳೆ ದಾಟಿ ಈಚೆಗೆ ಓಡಿಬಂದರು. ಮುಳ್ಳುಹಂದಿಗಳು ಬಂದವು, ಹೆಗ್ಗಣಗಳು ಬಂದವು, ಚಿಪ್ಪುಹಂದಿಗಳು, ಕಾಡಿಲಿಗಳು ಬಂದವು. ಅವರ ನಡುವೆ ಸಾಕವ್ವ ಎಂಬ ಮುಂಗುಸಿ ತನ್ನ ಪುಟ್ಟ ಮರಿಗಳನ್ನು ಕಟ್ಟಿಕೊಂಡು ಬಂದಳು. ಅವಳ ಗಂಡ ತನ್ನ ಮುದಿ ತಾಯಿಯನ್ನು ಕರೆತರುತ್ತೇನೆಂದು ಹೊಗೆಯೊಳಗೆ ವಾಪಸ್ ಹೋದವನು ಮತ್ತೆ ಕಾಣಿಸಿರಲಿಲ್ಲ. ಮುಂಗುಸಿಗೂ ಹೆಗ್ಗಣಕ್ಕೂ ಮೊದಲಿನಿಂದ ಆಗದು. ಆದರೆ ಒಂದೇ ಬೆಂಕಿಯಲ್ಲಿ ಎಲ್ಲ ಕಳೆದುಕೊಂಡ ಮೇಲೆ ಆ ಹಗೆಯನ್ನು ಯಾರೂ ಹೊತ್ತುಕೊಂಡು ಬಂದಿರಲಿಲ್ಲ.

ಆ ಕಾಡಿನಲ್ಲಿ ಯಾರು ಎಲ್ಲಿ ಇರಬೇಕು, ಹೇಗೆ ಇರಬೇಕು ಎಂದು ಕಟ್ಟಳೆ ಮಾಡುವ ಸಭೆ ಇತ್ತು. ದೇವೀರಮ್ಮ ಎಂಬ ಹಿರಿಯ ಕಡವೆ ಅದರ ಯಜಮಾನಿ. ಒರತೆಯ ಪಕ್ಕದಲ್ಲಿ ಸಭೆ ಸೇರಿತು. ಸಾಕವ್ವ ಎಲ್ಲರ ಪರವಾಗಿ ಎದ್ದು ನಿಂತಳು.

"ಅಮ್ಮಾ, ಬಿಸಿಲುದಿಣ್ಣೆಯಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ. ಅಲ್ಲಿ ದೊಡ್ಡ ಬಿಲಗಳನ್ನ ತೋಡಿ ಒಂದೊಂದರಲ್ಲಿ ನಾಲ್ಕಾರು ಸಂಸಾರ ಇರ್ತೀವಿ. ಜಾಗ ಕೊಟ್ಟೋರಿಗೆ ಬಾಡಿಗೆ ಅಂತ ನಾವು ತರೋ ಆಹಾರದಲ್ಲಿ ಪಾಲು ಕೊಡ್ತೀವಿ."

ಬಿಸಿಲುದಿಣ್ಣೆಯ ನವಿಲು ರಂಗಯ್ಯ ಗರಿ ಕೊಡವಿಕೊಂಡು ಎದ್ದ. "ಒಂದೇ ಬಿಲದಲ್ಲಿ ನಾಲ್ಕಾರು ಸಂಸಾರವಾ? ಒರತೆ ಕೆಸರಾಗುತ್ತೆ. ಗದ್ದಲ ಹೆಚ್ಚುತ್ತೆ. ನಾನು ಕುಣಿಯೋ ಜಾಗದಲ್ಲಿ ಯಾರ್ಯಾರದೋ ಮಕ್ಕಳು ಓಡಾಡ್ತವೆ. ಬಾಡಿಗೆಗೆ ಇರೋರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ನಮ್ಮ ದಿಣ್ಣೆಗೆ ಅದೆಲ್ಲ ಬೇಡ."

ಆಗ ಚೆಲುವಯ್ಯ ಮೆಲ್ಲಗೆ ಮುಂದೆ ಬಂದ. "ರಂಗಯ್ಯನೋರು ಹೇಳಿದ್ದು ಸರಿ. ದಿಣ್ಣೆಯ ಅಂದ ಕೆಡಬಾರದು. ಅಲ್ಲಿ ಬಿಲಕ್ಕೊಂದೇ ಸಂಸಾರ, ಬಾಡಿಗೆ ಬಿಲ ಕೂಡದು ಅಂತ ಕಟ್ಟಳೆ ಮಾಡಿಬಿಡಿ. ಹಾಗಾದ್ರೆ ಈ ಪಾಪದೋರು ಎಲ್ಲಿಗೆ ಹೋಗ್ಬೇಕು ಅಂತೀರಾ? ನನ್ನ ದಿಬ್ಬ ಇಲ್ವಾ? ನಾನು ನೋಡ್ಕೋತೀನಿ."

ದೇವೀರಮ್ಮನಿಗೆ ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು. ದಿಣ್ಣೆಯವರ ಮುನಿಸೂ ಇಲ್ಲ, ಬಂದವರಿಗೆ ಸೂರೂ ಸಿಕ್ಕಿತು. ಅವಳು ಹೂಂ ಎಂದಳು. ಬಿಸಿಲುದಿಣ್ಣೆಗೆ ಕಟ್ಟಳೆ ಆಯಿತು. ಚೆಲುವಯ್ಯನ ದಿಬ್ಬದೊಳಗೆ ಮನೆಗಳು ಹೇಗಿರಬೇಕು ಎಂದು ಮಾತ್ರ ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಬೇರೆ ದಾರಿ ಇಲ್ಲದೆ ಎಲ್ಲರೂ ದಿಬ್ಬಕ್ಕೆ ಹೋದರು. ಅದಕ್ಕೆ ಇದ್ದದ್ದು ಒಂದೇ ಬಾಯಿ. ಚೆಲುವಯ್ಯ ಅದರ ಮುಂದೆಯೇ ಒಂದು ಕಲ್ಲಿನ ಮೇಲೆ ಕುಳಿತಿದ್ದ.

"ಹೊರಗೆ ಹೋಗೋಕೆ ಇನ್ನೊಂದು ದಾರಿ ಇಲ್ವಾ ಚೆಲುವಣ್ಣಾ?" ಎಂದು ಸಾಕವ್ವ ಕೇಳಿದಳು.

"ಬಾಗಿಲು ಹೆಚ್ಚಾದ್ರೆ ಕಳ್ಳರು ಹೆಚ್ಚು ತಾಯಿ. ನಿಮ್ಮ ಒಳ್ಳೇದಕ್ಕೇ ಒಂದು ಇಟ್ಟಿರೋದು."

ಒಂದೇ ಬಾಯಿ ಇದ್ದರೆ ಪಾಲು ಕೊಡದೆ ಯಾರೂ ದಾಟುವಂತಿಲ್ಲ. ಅದು ಅವನ ಲೆಕ್ಕ. ಸಾಕವ್ವನಿಗೆ ಅದು ಅರ್ಥವಾಯಿತು. ಆದರೂ ಮರಿಗಳನ್ನು ಮುಂದೆ ಬಿಟ್ಟುಕೊಂಡು ಒಳಗೆ ಇಳಿದಳು.

ಒಳಗೆ ಬೆಳಕಿನ ಸುಳಿವಿಲ್ಲ. ದಾರಿ ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಯಾರಾದರೂ ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಸೂರಿನಿಂದ ಸತ್ತ ಆಲದ ಬೇರುಗಳು ಬೆಳ್ಳಗೆ, ತಣ್ಣಗೆ ಇಳಿಬಿದ್ದಿದ್ದವು. ನಡೆಯುವಾಗ ಅವು ಬೆನ್ನು ಸವರುತ್ತಿದ್ದವು. ಯಾರೋ ಬೆರಳಾಡಿಸಿದ ಹಾಗಾಗಿ ಮರಿಗಳು ಕಿರುಚಿದವು. ಚೆಲುವಯ್ಯ ಒಂದು ಕೋಣೆಯನ್ನು ಎರಡು ಮಾಡಿದ್ದ, ಎರಡನ್ನು ನಾಲ್ಕು ಮಾಡಿದ್ದ. ನಡುವಿನ ಗೋಡೆಗಳು ತೀರಾ ತೆಳ್ಳಗೆ. ಹೊಸಬರು ಬಂದಷ್ಟೂ ಅವನು ಇನ್ನೂ ಕೆಳಕ್ಕೆ ತೋಡುತ್ತಿದ್ದ. ತಳದ ಕೋಣೆಗಳಲ್ಲಿ ನೆಲ ಯಾವಾಗಲೂ ಒದ್ದೆ. ಗಾಳಿ ದಪ್ಪ. ಅಲ್ಲಿ ಸ್ವಲ್ಪ ಹೊತ್ತು ಕುಳಿತರೆ ತಲೆ ತಿರುಗುತ್ತಿತ್ತು.

ಸಾಕವ್ವನಿಗೆ ತಳದಲ್ಲೇ ಜಾಗ ಸಿಕ್ಕಿತು. ಮಲಗಿದಾಗ ಅವಳ ಕಿರಿಯ ಮರಿ ಕಿವಿಯಲ್ಲಿ ಪಿಸುಗುಟ್ಟಿತು.

"ಅವ್ವಾ, ಗೋಡೆ ಉಸಿರಾಡ್ತಿದೆ."

ಅವಳು ಗೋಡೆಗೆ ಕಿವಿ ಇಟ್ಟಳು. ನಿಜ. ಒಳಗೆಳೆದು ಹೊರಬಿಡುವ ಉಸಿರು ಕೇಳಿಸುತ್ತಿತ್ತು. ಅವಳ ಮೈಕೂದಲು ನಿಮಿರಿತು.

"ಹೆದರಬೇಡ ಮಗಾ," ಎಂದಿತು ಗೋಡೆಯಾಚೆಯಿಂದ ಒಂದು ಮುದಿ ದನಿ. "ಗೋಡೆ ಅಲ್ಲ, ನಾವು. ಗುಂಡಣ್ಣ ಅಂತ ನನ್ನ ಮಗ, ಹೆಗ್ಗಣ. ಅವನ ಹೆಂಡ್ತಿ, ಮಕ್ಕಳು. ನಾನು ಅವನ ಅವ್ವ. ಕಾಲು ಬರಲ್ಲ, ಇಲ್ಲೇ ಬಿದ್ಕೊಂಡಿರ್ತೀನಿ."

ಅಂದಿನಿಂದ ಆ ದನಿಯೇ ಅವರಿಗೆ ದೀಪವಾಯಿತು. ಸಾಕವ್ವ ಆಹಾರ ಹುಡುಕಲು ಹೋದಾಗ ಅಜ್ಜಿ ಗೋಡೆಯಾಚೆಯಿಂದ ಅವಳ ಮರಿಗಳಿಗೆ ಹೊಳೆಯಾಚೆಯ ಕಾಡಿನ ಸುದ್ದಿ ಹೇಳುತ್ತಿದ್ದಳು. ಮರಿಗಳು ಗೋಡೆಗೆ ಮೈ ಆನಿಸಿ ಕೇಳುತ್ತಿದ್ದವು.

ಮಳೆಗಾಲ ಶುರುವಾಯಿತು. ದಿಬ್ಬ ನೀರು ಕುಡಿದು ಉಬ್ಬಿತು. ಸೂರಿನಿಂದ ಮಣ್ಣು ಸರಸರನೆ ಉದುರುತ್ತಿತ್ತು. ಎಲ್ಲರೂ ಮಾತನ್ನು ತಗ್ಗಿಸಿದರು. ಜೋರಾಗಿ ಕೆಮ್ಮಲೂ ಹೆದರಿದರು.

ಒಂದು ಸಂಜೆ ಸಾಕವ್ವ ಮರಿಗಳೊಂದಿಗೆ ಹೊರಗಿನಿಂದ ಬಂದಳು. ಆ ದಿನ ಮರಿಗಳು ದಿಬ್ಬದ ಬಾಯಿಯ ಹತ್ತಿರವೇ ಆಡಿಕೊಂಡಿದ್ದವು. ಕೋಣೆಗೆ ಬಂದು ಅವಳು ಕೂಗಿದಳು. "ಅಜ್ಜೀ, ಊಟ ಆಯ್ತಾ?"

ಉತ್ತರ ಬರಲಿಲ್ಲ. ಗೋಡೆಗೆ ಕಿವಿ ಇಟ್ಟಳು. ಉಸಿರು ಕೇಳಿಸಲಿಲ್ಲ.

ಅವಳು ಗುಂಡಣ್ಣನ ಕೋಣೆಯ ದಾರಿಗೆ ಹೋದಳು. ಅಲ್ಲಿ ದಾರಿಯೇ ಇರಲಿಲ್ಲ. ಬರೀ ಗೋಡೆ. ಹಸಿ ಮಣ್ಣನ್ನು ತಟ್ಟಿ ತಟ್ಟಿ ನುಣ್ಣಗೆ ಮಾಡಿದ ಗೋಡೆ. ತಾನೇ ದಾರಿ ತಪ್ಪಿದೆನೇನೋ ಎಂದು ಅವಳು ಹಿಂದಕ್ಕೆ ಬಂದು ಮತ್ತೆ ಹೋದಳು. ಮತ್ತೆ ಅದೇ ಗೋಡೆ. ಅವಳು ಮೇಲಕ್ಕೆ ಓಡಿದಳು.

"ಚೆಲುವಣ್ಣಾ, ಗುಂಡಣ್ಣನ ಮನೆಯೋರು ಎಲ್ಲಿ?"

"ಖಾಲಿ ಮಾಡ್ಕೊಂಡು ಹೋದ್ರು ತಾಯಿ. ಬೆಟ್ಟದಾಚೆ ಅವರ ನೆಂಟರು ಇದ್ದಾರಂತೆ."

"ಅಜ್ಜಿಗೆ ನಡೆಯೋಕೆ ಆಗಲ್ಲ. ನನ್ನ ಮಕ್ಕಳು ಬೆಳಗಿಂದ ಇಲ್ಲೇ ಇದ್ವು. ಯಾರೂ ಹೊರಗೆ ಹೋಗಿದ್ದು ನೋಡಿಲ್ಲ."

"ಮಕ್ಕಳು ಆಟದಲ್ಲಿ ಏನು ನೋಡ್ತವೆ?"

"ಅಲ್ಲಿ ಒಂದು ದಾರಿ ಇತ್ತಲ್ಲ, ಅದೆಲ್ಲಿ ಹೋಯ್ತು?"

ಚೆಲುವಯ್ಯ ನಕ್ಕ. "ಯಾವ ದಾರಿ? ಅಲ್ಲಿ ಯಾವತ್ತೂ ದಾರಿ ಇರಲಿಲ್ಲ. ಕತ್ತಲಲ್ಲಿ ಇದ್ದೂ ಇದ್ದೂ ನಿನಗೆ ಏನೇನೋ ಕಾಣ್ತಿದೆ. ನೋಡು ಸಾಕವ್ವ, ಬಾಡಿಗೆಗೆ ಇರೋರು ಪಕ್ಕದ ಮನೆ ವಿಚಾರ ಕೇಳಬಾರದು. ಗೋಡೆ ಮುಟ್ಟಿದೋರನ್ನ ನಾನು ಇಟ್ಕೊಳ್ಳಲ್ಲ. ಹೊರಗೆ ಮಳೆ ಹೇಗೆ ಹೊಡೀತಿದೆ ನೋಡಿದ್ಯಲ್ಲ?"

ಮಾತು ಆಡುತ್ತಿದ್ದಾಗ ಅವನು ಮುಂಗಾಲುಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡ. ಆದರೆ ಸಾಕವ್ವ ನೋಡಿಬಿಟ್ಟಿದ್ದಳು. ಅವನ ಉಗುರುಗಳ ತುಂಬ ಕೆಂಪು ಹಸಿಮಣ್ಣು.

ಅವಳು ಕೆಳಗೆ ಹೋದಳು. ಮರಿಗಳನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದಳು. ನಿದ್ದೆ ಬರಲಿಲ್ಲ.

ಬೆಳಗಾಯಿತು. ಹೊರಗೆ ಮಂಜು ಮುಸುಕಿತ್ತು. ಕಿರಿಯ ಮರಿ ಅವಳನ್ನು ಅಲುಗಿಸಿತು. "ಅವ್ವಾ, ಗೋಡೆ ಕೆರೀತಿದೆ."

ಕರ್... ಕರ್... ನಿಂತಿತು. ಮತ್ತೆ ಕರ್...

ಸಾಕವ್ವ ಗೋಡೆಯನ್ನು ಮೆಲ್ಲಗೆ ತಟ್ಟಿದಳು. ಆ ಕಡೆಯಿಂದಲೂ ಯಾರೋ ತಟ್ಟಿದರು. ಅವರು ಎಲ್ಲಿಗೂ ಹೋಗಿರಲಿಲ್ಲ. ಸೂರು ಕುಸಿದು ಒಳಗೇ ಸಿಕ್ಕಿಕೊಂಡಿದ್ದರು. ನಡುವೆ ಬಿದ್ದ ಮಣ್ಣಿನಿಂದಾಗಿ ನಿನ್ನೆ ಅವರ ಉಸಿರು ಕೇಳಿಸಿರಲಿಲ್ಲ. ಕುಸಿದದ್ದು ಗೊತ್ತಾದರೆ ಉಳಿದವರು ಬಿಟ್ಟುಹೋಗುತ್ತಾರೆ ಎಂದು ಚೆಲುವಯ್ಯ ದಾರಿಯನ್ನೇ ಮುಚ್ಚಿಬಿಟ್ಟಿದ್ದ. ಬದುಕಿದ್ದವರ ಮೇಲೆ ಮಣ್ಣು ತಟ್ಟಿದ್ದ.

ಗೋಡೆ ಮುಟ್ಟಿದರೆ ಮರಿಗಳಿಗೆ ಇದ್ದ ಸೂರೂ ಹೋಗುತ್ತದೆ. ಸಾಕವ್ವ ಮರಿಗಳ ಮುಖ ನೋಡಿದಳು. ಆಮೇಲೆ ಪಕ್ಕದ ಕೋಣೆಗೆ ಹೋಗಿ ಈರಯ್ಯ ಎಂಬ ಮುಳ್ಳುಹಂದಿಯನ್ನು ಎಬ್ಬಿಸಿದಳು.

"ಈರಣ್ಣಾ, ಬಾ. ಗುಂಡಣ್ಣನ ಮನೆಯೋರು ಗೋಡೆ ಒಳಗಿದಾರೆ."

ಈರಯ್ಯ ಬಂದು ಕೇಳಿಸಿಕೊಂಡ. ಅವನ ಮುಳ್ಳುಗಳು ತಾವಾಗಿಯೇ ಗಲಗಲ ಎಂದವು. "ತೋಡಿದ್ರೆ ದಿಬ್ಬ ಎಲ್ಲರ ಮೇಲೂ ಬೀಳುತ್ತೆ ಸಾಕವ್ವ."

"ಹಾಗಾದ್ರೆ ಮೊದಲು ಎಲ್ಲರನ್ನೂ ಹೊರಗೆ ಕಳಿಸೋಣ. ಆಮೇಲೆ ತೋಡೋಣ."

ಈರಯ್ಯ ಮುಳ್ಳು ಬಿಚ್ಚಿಕೊಂಡು ಮುಂದೆ ನಡೆದ. ಅವನ ಹಿಂದೆ ಕೋಣೆ ಕೋಣೆಯಿಂದ ಸಂಸಾರಗಳು ಸದ್ದಿಲ್ಲದೆ ಹೊರಟವು. ತಾಯಂದಿರು ಮರಿಗಳ ಬಾಯಿ ಮುಚ್ಚಿ ಹಿಡಿದಿದ್ದರು. ಬಾಗಿಲಲ್ಲಿ ಚೆಲುವಯ್ಯ ಅಡ್ಡ ನಿಂತ.

"ಎಲ್ಲಿಗೆ? ಪಾಲು ಎಲ್ಲಿ?"

ಈರಯ್ಯ ನಿಲ್ಲಲಿಲ್ಲ. ಮುಳ್ಳು ಮೂಗಿಗೆ ತಾಗುವಷ್ಟು ಹತ್ತಿರ ಬಂದಾಗ ಚೆಲುವಯ್ಯನೇ ಹಾರಿ ಪಕ್ಕಕ್ಕೆ ಸರಿದ. ಎಲ್ಲರೂ ಮಂಜಿನೊಳಗೆ ಬಂದು ನಿಂತರು. ಸಾಕವ್ವ ಮರಿಗಳನ್ನು ಒಂದು ಚಿಪ್ಪುಹಂದಿಯ ವಶಕ್ಕೆ ಕೊಟ್ಟು ಈರಯ್ಯನ ಜೊತೆ ಮತ್ತೆ ಒಳಗೆ ಇಳಿದಳು.

ಚೆಲುವಯ್ಯನ ತಲೆ ಬೇಗ ಓಡಿತು. ಅವನು ಒಂದೇ ಉಸಿರಿಗೆ ದೇವೀರಮ್ಮನ ಹತ್ತಿರ ಹೋದ. "ಅಮ್ಮಾ, ಅನ್ಯಾಯ! ಬಾಡಿಗೆಗೆ ಇಟ್ಕೊಂಡೋರು ನನ್ನ ಮನೆಯನ್ನೇ ಒಡೀತಿದಾರೆ. ಬಂದು ಬುದ್ಧಿ ಹೇಳಿ!"

ದೇವೀರಮ್ಮ ಬಂದಳು. ರಂಗಯ್ಯ ಬಂದ. ಸಭೆಯವರೆಲ್ಲ ಬಂದರು. ಅವರು ಬಂದು ನಿಲ್ಲುವ ಹೊತ್ತಿಗೆ ದಿಬ್ಬದ ಬಾಯಿಯಿಂದ ಏನೋ ತೆವಳಿಕೊಂಡು ಹೊರಬಂತು. ಮೈಯೆಲ್ಲ ಕೆಂಪು ಕೆಸರು. ಅದು ಯಾವ ಪ್ರಾಣಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಅದು ಬಾಯಿ ತೆರೆದು ಗಾಳಿ ಎಳೆದುಕೊಂಡಿತು. ಗುಂಡಣ್ಣ! ಅವನ ಹಿಂದೆ ಅವನ ಹೆಂಡತಿ. ಅವಳ ಹಿಂದೆ ಮಕ್ಕಳು, ಒಂದೊಂದಾಗಿ. ಅವು ಅಳಲಿಲ್ಲ. ಅಳಲು ಬೇಕಾದ ಉಸಿರು ಅವುಗಳಲ್ಲಿ ಇರಲಿಲ್ಲ.

ಕೊನೆಗೆ ಸಾಕವ್ವ ಮತ್ತು ಈರಯ್ಯ ಸೇರಿ ಅಜ್ಜಿಯನ್ನು ಎಳೆದು ತಂದರು. ಸೂರು ಬಿದ್ದಾಗ ಅವಳು ಮೊಮ್ಮಕ್ಕಳ ಮೇಲೆ ಬಾಗಿ ಕುಳಿತಿದ್ದಳು. ಈಗಲೂ ಹಾಗೆಯೇ ಬಾಗಿದ್ದಳು. ಮೈ ತಣ್ಣಗಾಗಿತ್ತು.

ರಂಗಯ್ಯ ತಲೆ ತಗ್ಗಿಸಿದ.

"ನೋಡಿದ್ರಾ?" ಎಂದ ಚೆಲುವಯ್ಯ. "ಇವರು ಗೋಡೆ ಕೆರೆದದ್ದಕ್ಕೇ ಹೀಗಾಯ್ತು. ನನ್ನ ಕೋಣೆಗಳು ಕಲ್ಲಿನ ಹಾಗೆ ಗಟ್ಟಿ. ಯಾರು ಬೇಕಾದ್ರೂ ಆರಾಮಾಗಿ ಇರಬಹುದು."

ದೇವೀರಮ್ಮ ಅವನ ಉಗುರುಗಳನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. "ಹೌದಾ? ಹಾಗಾದ್ರೆ ಮಳೆ ನಿಲ್ಲೋವರೆಗೆ ತಳದ ಕೋಣೆಯಲ್ಲಿ ನೀನೇ ಇರು ಚೆಲುವಯ್ಯ. ನೀನು ಇದ್ದು ಬಂದ್ರೆ ಇವರಿಗೆಲ್ಲ ಅಲ್ಲೇ ಇರೋಕೆ ನಾನೇ ಹೇಳ್ತೀನಿ."

ಚೆಲುವಯ್ಯನ ಬಾಲ ಕಾಲಸಂದಿಗೆ ಸೇರಿತು. "ನಾನಾ? ಅಲ್ಲಿಗಾ? ಅಲ್ಲಿ ಗಾಳಿನೇ ಇಲ್ಲ! ಆ ಸೂರು ಇವತ್ತೋ ನಾಳೆಯೋ—"

ಅವನು ಬಾಯಿ ಮುಚ್ಚಿಕೊಂಡ. ಆದರೆ ಎಲ್ಲರೂ ಕೇಳಿಸಿಕೊಂಡಾಗಿತ್ತು.

"ಇನ್ನು ಮೇಲೆ ಈ ದಿಬ್ಬದೊಳಗೆ ಯಾರೂ ಕಾಲಿಡಕೂಡದು," ಎಂದಳು ದೇವೀರಮ್ಮ. ಜನರೆಲ್ಲ ಅಜ್ಜಿಯ ಸುತ್ತ ಸೇರಿದರು. ಚೆಲುವಯ್ಯನ ಕಡೆ ಯಾರೂ ನೋಡುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಅವನು ಪಾಲಿನ ಆಹಾರವನ್ನೆಲ್ಲ ರಾಶಿ ಹಾಕಿದ್ದ. ಅದನ್ನು ಬಿಟ್ಟುಹೋಗಲು ಅವನಿಗೆ ಮನಸ್ಸಾಗಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಮೆಲ್ಲಗೆ ಒಳಗೆ ನುಸುಳಿದ.

ಆಗ ದಿಬ್ಬದ 'ಊಂ' ಸದ್ದು ತಟ್ಟನೆ ನಿಂತಿತು. ಎಲ್ಲರೂ ತಲೆಯೆತ್ತಿದರು. ಸತ್ತ ಆಲದ ಮರ ಒಂದಿಷ್ಟೂ ಸದ್ದು ಮಾಡದೆ ವಾಲತೊಡಗಿತು. ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗೆ ದಿಬ್ಬ ಇಳಿಯಿತು. ಅದರ ಒಂದೇ ಬಾಯಿ ಮುಚ್ಚಿಕೊಂಡಿತು.

ಮಂಜು, ಮಣ್ಣು, ಮೌನ.

ಮೊದಲು ಮುಂದೆ ಹೋದವಳು ಸಾಕವ್ವ. ಅವಳು ಮಣ್ಣು ಕೆರೆಯತೊಡಗಿದಳು.

"ಅವನಿಗಾಗಿಯಾ?" ಎಂದು ಗುಂಡಣ್ಣನ ಹೆಂಡತಿ ಕೇಳಿದಳು. "ನಾವು ಕೂಗಿಕೊಂಡಾಗ ಅವನು ಕೇಳಿಸಿಕೊಂಡಿದ್ದ ಅಕ್ಕಾ. ಕೇಳಿಸಿಕೊಂಡೇ ಮುಚ್ಚಿದ."

"ಗೊತ್ತು," ಎಂದಳು ಸಾಕವ್ವ. "ಅವನ ಹಾಗೆ ಕೇಳಿಸಿಕೊಂಡು ನಿಂತಿರೋಕೆ ನನಗೆ ಆಗಲ್ಲ."

ಗುಂಡಣ್ಣನ ಹೆಂಡತಿ ಬರಲಿಲ್ಲ. ಅವಳನ್ನು ಯಾರೂ ಬಲವಂತ ಮಾಡಲಿಲ್ಲ. ಉಳಿದವರು ಕೈ ಹಚ್ಚಿದರು. ಸಂಜೆಯ ಹೊತ್ತಿಗೆ ಚೆಲುವಯ್ಯ ಸಿಕ್ಕಿದ. ಜೀವ ಇತ್ತು. ದನಿ ಮಾತ್ರ ಹೋಗಿತ್ತು. ಆಮೇಲೆ ಎಂದೂ ಅವನ ಬಾಯಿಂದ ಪಿಸುಮಾತಿಗಿಂತ ದೊಡ್ಡ ಸದ್ದು ಹೊರಡಲಿಲ್ಲ.

ಮರುದಿನ ಮತ್ತೆ ಸಭೆ ಸೇರಿತು. ದೇವೀರಮ್ಮ ಕುಳಿತುಕೊಳ್ಳಲಿಲ್ಲ. ನಿಂತೇ ಮಾತನಾಡಿದಳು.

"ಬಿಸಿಲುದಿಣ್ಣೆಯ ಬಾಗಿಲು ಮುಚ್ಚಿದ್ದು ನಾವು. ಅದಕ್ಕೇ ಇವರೆಲ್ಲ ಆ ದಿಬ್ಬಕ್ಕೆ ಹೋಗಬೇಕಾಯ್ತು. ಎಲ್ಲಿ ಇರಬಾರದು ಅಂತ ಹೇಳಿದ್ವಿ. ಇರೋ ಕಡೆ ಹೇಗಿರಬೇಕು ಅಂತ ಹೇಳಲಿಲ್ಲ. ಇವತ್ತು ಎರಡನ್ನೂ ಸರಿಮಾಡೋಣ."

"ಆದ್ರೆ ಒರತೆ..." ಎಂದು ರಂಗಯ್ಯ ಸಣ್ಣ ದನಿಯಲ್ಲಿ ಶುರು ಮಾಡಿದ.

"ಒರತೆಯಿಂದ ಎಷ್ಟು ದೂರ ತೋಡಬೇಕು ಹೇಳಿ ರಂಗಯ್ಯನೋರೇ," ಎಂದಳು ಸಾಕವ್ವ. "ಅಷ್ಟು ದೂರ ತೋಡ್ತೀವಿ. ಆ ನೀರು ನಾವೂ ಕುಡಿಯೋದೇ ತಾನೆ?"

ರಂಗಯ್ಯ ಎದ್ದು ಹೋದ. ಒರತೆಯಿಂದ ಮೇಲಕ್ಕೆ ನಡೆದು, ಒಂದು ಜಾಗದಲ್ಲಿ ನಿಂತು, ಕಾಲಿನಿಂದ ನೆಲದ ಮೇಲೆ ಗೆರೆ ಎಳೆದ. "ಇಲ್ಲಿಂದ ಮೇಲಕ್ಕಾದ್ರೆ ನನ್ನ ಅಡ್ಡಿ ಇಲ್ಲ," ಎಂದ.

ಆ ಗೆರೆಯಿಂದಲೇ ಹೊಸ ಕಟ್ಟಳೆ ಶುರುವಾಯಿತು. ಬಿಸಿಲುದಿಣ್ಣೆಯಲ್ಲಿ ಹಲವು ಸಂಸಾರಗಳ ಬಾಡಿಗೆ ಬಿಲ ಮಾಡಬಹುದು. ಆದರೆ ಪ್ರತಿ ಬಿಲಕ್ಕೂ ಎರಡು ಬಾಯಿ ಇರಲೇಬೇಕು, ಗಾಳಿಗೆ ಮೇಲೊಂದು ಕಿಂಡಿಯೂ ಬೇಕು. ಎರಡು ಮನೆಗಳ ನಡುವಿನ ಗೋಡೆ ಎಷ್ಟು ದಪ್ಪ ಇರಬೇಕು ಎಂಬ ಮಾತು ಬಂದಾಗ ಈರಯ್ಯ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ. "ಇಷ್ಟು," ಎಂದ. ಬಹಳ ದಿನಗಳ ಮೇಲೆ ಒಂದಿಷ್ಟು ನಗು ಕೇಳಿಸಿತು. ನೆಲ ಒದ್ದೆಯಾಗುವ ಆಳಕ್ಕೆ ಯಾರೂ ತೋಡಕೂಡದು. ಬಾಡಿಗೆ ಕೊಡುವವನು ಯಾರ ದಾರಿಯನ್ನೂ ಮುಚ್ಚಕೂಡದು. ಮಳೆಗಾಲಕ್ಕೆ ಮುಂಚೆ ಸಭೆಯವರು ಪ್ರತಿ ಬಿಲದ ಒಳಗೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಬಿಲದೊಳಗೆ ಮೈ ಹಿಡಿಸದ ದೇವೀರಮ್ಮನಂಥವರಿಗೆ ಆ ಕೆಲಸ ಆಗದು. ಅದನ್ನು ಗುಂಡಣ್ಣನ ಹೆಂಡತಿಗೆ ಒಪ್ಪಿಸಿದರು. ಅವಳು ಒಂದು ಮೂಲೆಯನ್ನೂ ಬಿಡದೆ ನೋಡುತ್ತಿದ್ದಳು.

ಎಲ್ಲರೂ ಸೇರಿ ತೋಡಿದರು. ಬಿಸಿಲುದಿಣ್ಣೆಯಲ್ಲಿ ಮರಿಗಳ ಗದ್ದಲ ತುಂಬಿತು. ರಂಗಯ್ಯ ಮೊದಮೊದಲು ಮುಖ ತಿರುಗಿಸಿಕೊಂಡು ಕುಣಿಯುತ್ತಿದ್ದ. ಬರಬರುತ್ತಾ ಮರಿಗಳ ಕಡೆಗೇ ತಿರುಗಿ ಕುಣಿಯತೊಡಗಿದ.

ಚೆಲುವಯ್ಯನಿಗೂ ಅದೇ ಕಟ್ಟಳೆಯ ಪ್ರಕಾರ ಒಂದು ಕೋಣೆ ಕೊಟ್ಟರು. ಅವನು ಬಾಗಿಲವರೆಗೆ ಬಂದ. ತಲೆ ಒಳಗಿಟ್ಟ. ಹಿಂದಕ್ಕೆ ಸರಿದು, ಸುರಿಯುವ ಮಳೆಯಲ್ಲಿ ಹೋಗಿ ಬರೀ ಬಂಡೆಯ ಮೇಲೆ ಮುದುರಿಕೊಂಡ.

ದಿನವೂ ಸಾಕವ್ವ ಆ ದಾರಿಯಲ್ಲಿ ಹೋಗುವಾಗ ಅವನು ಪಿಸುಗುಟ್ಟಿ ಕೇಳುತ್ತಿದ್ದ.

"ಸೂರು ಗಟ್ಟಿ ಇದೆಯಾ ತಾಯಿ?"

"ಇದೆ ಚೆಲುವಣ್ಣಾ."

"ಒಳಗೆ ಹೋಗಿ ನೋಡಿದ್ಯಾ?"

"ನೋಡಿದ್ದೀನಿ. ಬಾ."

ಅವನು ಹೂಂ ಎಂದು ತಲೆಯಾಡಿಸುತ್ತಿದ್ದ. ಏಳುತ್ತಿರಲಿಲ್ಲ. ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದ.

ನೀತಿ: ತಾನು ಒಂದು ದಿನವೂ ಇರಲಾಗದ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಾರದು, ಮನೆಗಳಿಗೆ ಕಟ್ಟಳೆ ಮಾಡುವವರು ಎಲ್ಲರಿಗೂ ಜಾಗ ಸಿಗುವಂತೆಯೂ, ಒಳಗಿರುವವರು ನೆಮ್ಮದಿಯಾಗಿ ಉಸಿರಾಡುವಂತೆಯೂ ಮಾಡಬೇಕು.